ಧೂಮಕೇತುವಿನ ಕಿವಿಗೆ ಏನಾಯಿತು

ದುಂಡಸಿಯ ಉಡಚಪ್ಪನಿಗೆ ದೇವರು ಹೊಲ ಕಡಿಮೆ ಕೊಟ್ಟಿದ್ದ, ಎತ್ತರ ಕಡಿಮೆ ಕೊಟ್ಟಿದ್ದ, ತಲೆಗೂದಲನ್ನಂತೂ ಕೊಟ್ಟಂತೆ ಮಾಡಿ ವಾಪಸ್ ಕಿತ್ತುಕೊಂಡಿದ್ದ. ಇಷ್ಟೆಲ್ಲ ಕೈ ಬಿಗಿ ಹಿಡಿದವನು ದನಿಯ ವಿಷಯದಲ್ಲಿ ಮಾತ್ರ ಧಾರಾಳ ತೋರಿಸಿದ್ದ. ಉಡಚಪ್ಪ ಬದುವಿನ ಮೇಲೆ ನಿಂತು "ಏ, ಬುತ್ತಿ ತಗೊಂಡ ಬಾ" ಎಂದರೆ ಅವನ ಹೆಂಡತಿ ಶೇಖವ್ವನ ಜೊತೆಗೆ ಅಕ್ಕಪಕ್ಕದ ಹೊಲದ ಹೆಂಗಸರೂ ಬುತ್ತಿಗಂಟು ಹುಡುಕುತ್ತಿದ್ದರು. ಈ ದನಿಯಿಂದ ಸಂಸಾರಕ್ಕೇನು ಉಪಯೋಗವಾಯಿತೆಂದು ಶೇಖವ್ವನನ್ನು ಕೇಳಬಾರದು. ಹೋರಿಗೆ ಮಾತ್ರ ಬಹಳ ಉಪಯೋಗವಿತ್ತು.

ದೀಪಾವಳಿ ಮುಗಿದ ಮೇಲೆ ನಮ್ಮ ಹಾನಗಲ್ಲ, ಶಿಗ್ಗಾಂವಿ, ಹಿರೇಕೆರೂರು ಸೀಮೆಯಲ್ಲಿ ಹೋರಿ ಬಿಡುತ್ತಾರೆ. ಕೊರಳಿಗೆ ಒಣಕೊಬ್ಬರಿಯ ಹಾರ ಹಾಕಿ, ಕೋಡಿಗೆ ಬಲೂನು ಕಟ್ಟಿ, ಜನ ಕಿಕ್ಕಿರಿದ ಅಖಾಡದಲ್ಲಿ ಓಡಿಸುತ್ತಾರೆ. ಹಿಡಿಯಲು ಬಂದವರ ಕೈಗೆ ಕೊಬ್ಬರಿ ಸಿಗದಂತೆ ದಾಟಿದ ಹೋರಿ ಗೆದ್ದಂತೆ. ಓಡಿಸುವುದು ದೊಡ್ಡ ಕೆಲಸವಲ್ಲ. ಅಷ್ಟು ಜನ ಮೈಮೇಲೆ ಬಿದ್ದು ಕೇಕೆ ಹಾಕಿದರೆ ನೀವೂ ಓಡುತ್ತೀರಿ, ನಾನೂ ಓಡುತ್ತೇನೆ. ದೊಡ್ಡ ಕೆಲಸ ನಿಲ್ಲಿಸುವುದು. ಅಖಾಡ ಇಲ್ಲಿಗೆ ಮುಗಿಯಿತೆಂದು ಹೋರಿಗೆ ಯಾರೂ ತಿಳಿಸಿರುವುದಿಲ್ಲ. ಅದಕ್ಕೇ ಕೊನೆಯಲ್ಲಿ ಒಡೆಯ ನಿಂತು ಕರೆಯಬೇಕು. ದನಿಯ ಗುರುತು ಹಿಡಿದರೆ ಬಂತು, ಇಲ್ಲದಿದ್ದರೆ ಗೋವಿನಜೋಳದ ಹೊಲ ಸೀಳಿಕೊಂಡು ಮುಂದಿನ ತಾಲ್ಲೂಕಿಗೆ ಹೋಯಿತು. ಹಾನಗಲ್ಲಿನಲ್ಲಿ ಬಿಟ್ಟ ಹೋರಿಯೊಂದು ಸವಣೂರಿನ ಎಲೆಬಳ್ಳಿ ತೋಟದಲ್ಲಿ ಸಿಕ್ಕಿದ್ದುಂಟು. ಇನ್ನೊಂದು ಹೆದ್ದಾರಿ ಹತ್ತಿ ಲಾರಿಗೆ ಸಿಕ್ಕಿತು. ಅದರ ಒಡೆಯ ಈಗಲೂ ಲಾರಿ ಕಂಡರೆ ಮುಖ ತಿರುಗಿಸಿ ನಿಲ್ಲುತ್ತಾನೆ.

ಉಡಚಪ್ಪನ ಹೋರಿಗೆ ಬ್ಯಾನರಿನ ಮೇಲೆ "ದುಂಡಸಿ ಧೂಮಕೇತು" ಎಂದು ಹೆಸರು, ಮನೆಯಲ್ಲಿ ಕೆಂಚ. ಹುಟ್ಟಿದ ವಾರಕ್ಕೇ ತಾಯಿ ಸತ್ತ ಕರು. ಅವನೇ ಬಾಟಲಿಯಲ್ಲಿ ಹಾಲು ಕುಡಿಸಿ, ಪಕ್ಕದಲ್ಲಿ ಮಲಗಿಸಿಕೊಂಡು ಸಾಕಿದ್ದ. "ಕೆಂಚಾ, ಬಾರೋ ಹೋಯ್" ಎಂದರೆ ಎಂಥ ಗದ್ದಲದಲ್ಲೂ ಅದು ಕಿವಿ ನೆಟ್ಟಗೆ ಮಾಡಿ ತಿರುಗುತ್ತಿತ್ತು. ಬೇರೆಯವರ ಕರೆಗೆ ಓಗೊಡುವ ಅಭ್ಯಾಸ ಅದಕ್ಕಿರಲಿಲ್ಲ. ಶೇಖವ್ವನಿಗೂ ಹೋರಿಗೂ ಮಾತುಕತೆಯೇ ಇರಲಿಲ್ಲ; ತನಗಿಂತ ಹೆಚ್ಚು ಮೊಟ್ಟೆ ತಿನ್ನುವ ಪ್ರಾಣಿಯ ಜೊತೆ ಏನು ಮಾತು ಎಂಬುದು ಅವಳ ನಿಲುವು.

ಪಕ್ಕದ ಮನೆಯ ಮಾಲತೇಶ ಧೂಮಕೇತು ಅಭಿಮಾನಿ ಬಳಗದ ಅಧ್ಯಕ್ಷ. ಬಸ್‌ಸ್ಟ್ಯಾಂಡಿನಲ್ಲಿ ಕಟ್ಟಿಸಿದ ಬ್ಯಾನರಿನಲ್ಲಿ ಉಡಚಪ್ಪನಿಗೆ ಕಪ್ಪು ಕನ್ನಡಕ ಹಾಕಿಸಿ, ಕೆಳಗೆ "ಉಕ್ಕಿನ ಎದೆಯ ಒಡೆಯ" ಎಂದು ಬರೆಸಿದ್ದ. ಆ ಉಕ್ಕಿನ ಎದೆಯೊಳಗೆ ಹೋದ ಸುಗ್ಗಿಯಲ್ಲಿ ದಮ್ಮು ಬಂದು ಕುಳಿತಿತು. ಗೋವಿನಜೋಳ ಒಕ್ಕುವ ಮಷೀನಿನ ಧೂಳು ನೆವವಾಯಿತು, ಮಳೆಗಾಲ ಅದನ್ನು ಬಲಪಡಿಸಿತು. ರಾತ್ರಿಯೆಲ್ಲ ಎದೆ ಸುಂಯ್ ಸುಂಯ್ ಎನ್ನುವುದು. ಬ್ಯಾನರಿನ ಮೇಲೆ ಹಾಗೆ ಬರೆದ ಮೇಲೆ ಕೆಳಗೆ ನಿಂತು ಏದುಸಿರು ಬಿಡುವುದು ಹೇಗೆ? ಉಡಚಪ್ಪ ಯಾರಿಗೂ ಹೇಳಲಿಲ್ಲ. ಶ್ರಾವಣದಲ್ಲಿ ಒಂದು ದಿನ ಗೊಬ್ಬರ ತರುತ್ತೇನೆಂದು ಮನೆಯಲ್ಲಿ ಸುಳ್ಳು ಹೇಳಿ ಶಿಗ್ಗಾಂವಿ ಬಸ್ಸು ಹತ್ತಿದ.

ಅಲ್ಲಿಯ ಡಾಕ್ಟರು ನೇತ್ರಾ ಮೇಡಂ ಎದೆ ಪರೀಕ್ಷಿಸಿ, ಬಾಯಿಗೆ ಹೊಡೆದುಕೊಳ್ಳುವ ಪಂಪು ಕೊಟ್ಟರು. ಅದಕ್ಕೆ ಸಿಕ್ಕಿಸಲು ಒಂದು ದೊಡ್ಡ ಪ್ಲಾಸ್ಟಿಕ್ ಬುರುಡೆಯನ್ನೂ ಕೊಟ್ಟರು. ಹೇಗೆ ಎಳೆದುಕೊಳ್ಳಬೇಕು, ಬಾಯಿ ಹೇಗೆ ಮುಕ್ಕಳಿಸಬೇಕು ಎಂದೆಲ್ಲ ನಿಧಾನವಾಗಿ ವಿವರಿಸಿದರು. ಉಡಚಪ್ಪನ ಕಣ್ಣು ಬಾಗಿಲ ಮೇಲೆಯೇ ಇತ್ತು. ಹೊರಗೆ ಸಾಲಿನಲ್ಲಿ ದುಂಡಸಿಯವರು ಯಾರಾದರೂ ಕೂತಿದ್ದರೆ ಗತಿಯೇನು? "ತಿಳೀತಿಲ್ಲೋ?" ಎಂದು ಮೇಡಂ ಕೇಳಿದಾಗ "ತಿಳೀತ್ರಿ, ತಿಳೀತ್ರಿ" ಎಂದು ಪಂಪನ್ನು ಬನಿಯನ್ನಿನೊಳಗೆ ತುರುಕಿಕೊಂಡು ಹೊರಬಿದ್ದ. ಬುರುಡೆ ಬನಿಯನ್ನಿನೊಳಗೆ ಹಿಡಿಸುವಂಥದ್ದಲ್ಲ. ಅದನ್ನು ಬಸ್ಸಿನ ಸೀಟಿನ ಕೆಳಗೆ ತಳ್ಳಿ ಊರಲ್ಲಿ ಇಳಿದುಬಿಟ್ಟ. ಕಂಡಕ್ಟರ್ ಕಿಟಕಿಯಿಂದ ತಲೆ ಹಾಕಿ "ಯಜಮಾನ್ರ, ನಿಮ್ಮ ಲಾಂದ್ರ ಬಿಟ್ಟ ಹೊಂಟೀರಿ" ಎಂದು ಕೂಗಿದರೂ ಹಿಂತಿರುಗಿ ನೋಡಲಿಲ್ಲ.

ಪಂಪನ್ನು ಕೊಟ್ಟಿಗೆಯ ಗೂಡಿನಲ್ಲಿ ಅಡಗಿಸಿಟ್ಟ. ಬೆಳಿಗ್ಗೆ ಸಂಜೆ ತಂಬಿಗೆ ನೀರಿನಿಂದ ಶ್ರದ್ಧೆಯಿಂದ ಬಾಯಿ ಮುಕ್ಕಳಿಸುವುದು, ಪಂಪನ್ನು ಚಟಚಟ ಅಲುಗಾಡಿಸುವುದು, ಪೂರ್ವಕ್ಕೆ ಮುಖ ಮಾಡಿ ಎಳೆದುಕೊಳ್ಳುವುದು, ತುಟಿ ಬಿಗಿದು ನಿಲ್ಲುವುದು, ಆಮೇಲೆ ಹೋರಿಗೆ ನೆನೆಸಿದ ಹುರುಳಿ ಹಾಕುವುದು. ಇಷ್ಟು ಅಚ್ಚುಕಟ್ಟಾಗಿ ಅವನು ಮದುವೆಯ ಶಾಸ್ತ್ರವನ್ನೂ ಮಾಡಿರಲಿಲ್ಲ. ಸ್ವಲ್ಪ ದಿನಕ್ಕೇ ಎದೆ ಹಗುರಾಯಿತು. ಒಂದು ಸಲ ಸಗಣಿ ಬಳಿಯಲು ಬಂದ ಶೇಖವ್ವನ ಕೈಗೆ ಪಂಪು ಸಿಕ್ಕಿತು.

"ಇದೇನ್ರಿ ಇದು?"

"ಹೋರೀದು."

"ಹೋರಿಗೇನಾಗೈತಿ?"

"ಏನೂ ಆಗಿಲ್ಲ. ಆಗಬಾರ್ದಂತ."

ಮೊಟ್ಟೆ ತಿನ್ನುವ ಹೋರಿ ಪಂಪನ್ನೂ ಹೊಡೆದುಕೊಳ್ಳುತ್ತದೆ ಎಂಬುದರಲ್ಲಿ ಶೇಖವ್ವನಿಗೆ ಆಶ್ಚರ್ಯವೇನೂ ಕಾಣಲಿಲ್ಲ.

ಮಹಾನವಮಿಯ ಹೊತ್ತಿಗೆ ಉಡಚಪ್ಪನ ದನಿ ಕೂರತೊಡಗಿತು. ಮೊದಲು ಕೊನೆಯ ಅಕ್ಷರ ಬರುವುದು ನಿಂತಿತು, ಆಮೇಲೆ ಮೊದಲಿನದು. ಥಂಡಿ ಇರಬೇಕೆಂದು ಮೆಣಸಿನ ಕಷಾಯ ಕುಡಿದ. ಬೆಲ್ಲ ಚೀಪಿದ. ಒಂದು ಬೆಳಿಗ್ಗೆ ಹಿತ್ತಿಲಿನಿಂದ "ಕೆಂಚಾ" ಎಂದು ಕರೆದರೆ ಹೊರಟದ್ದು ಅವನ ದನಿಯಲ್ಲ, ತುಕ್ಕು ಹಿಡಿದ ಬಾಗಿಲಿನ ಸದ್ದು. ಹೋರಿ ಬೆಚ್ಚಿ ಆಚೀಚೆ ನೋಡಿ, ಯಾರೋ ಅಪರಿಚಿತರು ಎಂದುಕೊಂಡು ನೀರು ಕುಡಿಯುವುದನ್ನು ಮುಂದುವರಿಸಿತು. ಉಡಚಪ್ಪ ಬೈಕಿನ ಕನ್ನಡಿಯಲ್ಲಿ ಬಾಯಿ ತೆರೆದು ನೋಡಿಕೊಂಡ. ನಾಲಿಗೆಯ ಮೇಲೆ, ಅಂಗುಳಿನಲ್ಲಿ, ಗಂಟಲಿನ ತನಕ ಬಿಳಿ ಬಿಳಿ ಕಲೆ. ಬೆರಳಿನಿಂದ ಉಜ್ಜಿದರೆ ಉರಿ.

ಹರೆಯದಲ್ಲಿ ಅವನು ಗುಟಕಾ ತಿಂದವನು. ಬಿಟ್ಟು ವರ್ಷಗಳಾಗಿದ್ದವು, ಆದರೆ ಗುಟಕಾ ಚೀಟಿನ ಮೇಲಿನ ಆ ಹುಣ್ಣಾದ ಬಾಯಿಯ ಚಿತ್ರ ಅವನನ್ನು ಬಿಟ್ಟಿರಲಿಲ್ಲ. ಬಂತು, ಅದೇ ಬಂತು ಎಂದುಕೊಂಡ. ಅವತ್ತಿನಿಂದ ಅನ್ನ ರುಚಿಸಲಿಲ್ಲ, ನಿದ್ದೆ ಹತ್ತಲಿಲ್ಲ. ತಾನು ಸತ್ತರೆ ಶೇಖವ್ವ ಹೇಗೋ ಬದುಕಿಯಾಳು, ಮಾತು ಬಲ್ಲವಳು; ಕೆಂಚನ ಗತಿ? ಎಂದು ಗೋದಲಿಯ ಪಕ್ಕ ಕೂತು ಕಣ್ಣೀರು ಹಾಕಿದ. ಹೋರಿ ಅವನ ಹೆಗಲಿನ ಟವೆಲ್ಲು ತಿನ್ನಲು ನೋಡಿತು.

ಸೀಗಿ ಹುಣ್ಣಿಮೆಯ ಮರುದಿನ ಬಳಗದವರು ಕೆರೆ ದಂಡೆಯಲ್ಲಿ ಹೋರಿಯನ್ನು ಓಡಿಸಿ ನೋಡಿದರು. ಉಡಚಪ್ಪ ಕೊನೆಯಲ್ಲಿ ನಿಂತು, ನರ ಉಬ್ಬುವಷ್ಟು ಕರೆದ. ಹೋರಿ ಅವನ ಪಕ್ಕದಲ್ಲೇ ಹಾದು, ಕೆರೆ ಸುತ್ತಿ, ಕಬ್ಬಿನ ಗದ್ದೆ ಹೊಕ್ಕು ಮಾಯವಾಯಿತು. ಹೊತ್ತು ಮುಳುಗುವಾಗ ಹಿಡಿದು ತಂದರು. ಮಾಲತೇಶ ಹೋರಿಯ ಮುಖವನ್ನೂ ಉಡಚಪ್ಪನ ಮುಖವನ್ನೂ ನೋಡಿ ತೀರ್ಪು ಕೊಟ್ಟ:

"ಹೋರಿಗೆ ಕಿವಿ ಕೇಳವಲ್ದು. ಪಾಪ, ಕರದ ಕರದ ಕಾಕಾನ ಗಂಟ್ಲ ಹರದ ಹೋಗೈತಿ ನೋಡ್ರಿ."

ಗಂಟಲು ಹೋದದ್ದಕ್ಕೆ ಹೋರಿ ಬರಲಿಲ್ಲವೋ, ಹೋರಿ ಬರದ್ದಕ್ಕೆ ಗಂಟಲು ಹೋಯಿತೋ ಎಂದು ಯಾರೂ ವಿಚಾರಿಸಲಿಲ್ಲ. ಅಧ್ಯಕ್ಷರು ಹೇಳಿದ ಮೇಲೆ ಮುಗಿಯಿತು. ಸತ್ಯ ಗೊತ್ತಿದ್ದವನು ಒಬ್ಬನೇ. ಅವನಿಗೆ ಹೇಳಲು ಬಾಯಿಯಿರಲಿಲ್ಲ, ಇದ್ದಿದ್ದರೂ ಹೇಳುವ ಧೈರ್ಯವಿರಲಿಲ್ಲ.

ಸುದ್ದಿ ಹತ್ತಿಮತ್ತೂರು ಮುಟ್ಟಿ, ಶೇಖವ್ವನ ಅಣ್ಣ ಉಳಿವೆಪ್ಪ ಮರುದಿನವೇ ಬಸ್ಸಿಳಿದ. ಲೋಕದಲ್ಲಿ ಉಳಿವೆಪ್ಪನಿಗೆ ಗೊತ್ತಿಲ್ಲದ ವಿಷಯವೊಂದಿದ್ದರೆ ಅದು ತನ್ನ ಮನೆಗೆ ವಾಪಸ್ ಹೋಗುವ ಹೊತ್ತು ಯಾವುದು ಎಂಬುದು.

"ಕಣ್ಣ ತಾಗೈತಿ. ಕಿವಿಗೆ ತಾಗಿದ ಕಣ್ಣ ಅಂದ್ರ ಬಾಳ ಕೆಟ್ಟದ್ದ," ಎಂದು ಕೊಟ್ಟಿಗೆಯಲ್ಲಿ ಕೆಂಡದ ಮೇಲೆ ಬೊಗಸೆ ತುಂಬ ಬ್ಯಾಡಗಿ ಮೆಣಸಿನಕಾಯಿ ಸುರಿದ. ಘಾಟು ಎದ್ದಿತು. ಮಾಲತೇಶ ಸೀನಿದ, ಶೇಖವ್ವ ಕೆಮ್ಮಿದಳು, ಹೋರಿ ಹಗ್ಗ ಜಗ್ಗಿತು. ಉಡಚಪ್ಪನ ಎದೆಗೆ ಬೀಗ ಬಿದ್ದಂತಾಯಿತು. ಉಕ್ಕಿನ ಎದೆಯವನು ಎಲ್ಲರ ಮುಂದೆ ಬಾಯಿ ಬಾಯಿ ಬಿಡಬಾರದೆಂದು ಬಣವೆಯ ಹಿಂದೆ ಓಡಿ ಕುಕ್ಕರಗಾಲಿನಲ್ಲಿ ಕೂತ.

"ಹೋರಿ ದುಃಖ ತಡಕೊಳ್ಳಾಕ ಆಗವಲ್ದು ಅವರಿಗೆ," ಎಂದ ಉಳಿವೆಪ್ಪ ಕಣ್ಣೊರೆಸಿಕೊಳ್ಳುತ್ತ. "ನಾ ಒಂದ ಮಾತ ಹೇಳ್ತೇನಿ. ಹಿರೇಕೆರೂರಾಗ ನನ್ನ ಗುರುತಿನವ್ರೊಬ್ರು ಧೂಮಕೇತು ಬೇಕಂತ ಕುಂತಾರ. ಕೊಟ್ಟಬಿಡೂಣು. ಕಿವುಡ ಹೋರಿ ನಾಳೆ ಹೆದ್ದಾರಿ ಹತ್ತಿದ್ರ ಏನ ಮಾಡ್ತೀರಿ?"

ಲಾರಿಯ ನೆನಪಾಗಿ ಎಲ್ಲರೂ ಹೋರಿಯ ಕಡೆ ನೋಡಿದರು. ಬಣವೆಯ ಹಿಂದಿನಿಂದ ಉಡಚಪ್ಪ "ಕೊಡೂದಿಲ್ಲ" ಎಂದು ಕಿರುಚಿದ. ಹೊರಗೆ ಬಂದದ್ದು ಬರೀ ಗಾಳಿ. ಅದನ್ನು ನಿಟ್ಟುಸಿರು ಎಂದು ತಿಳಿದು ಉಳಿವೆಪ್ಪ, "ಒಪ್ಪಿಗಿ ಐತಿ ಅವರದೂ" ಎಂದ.

ಆಗ ಶೇಖವ್ವ ಸೆರಗಿನಿಂದ ಮೂಗೊರೆಸುತ್ತ, "ಕಣ್ಣೂ ಇಲ್ಲ ಏನೂ ಇಲ್ಲಣ್ಣಾ. ಶ್ರಾವಣದಿಂದ ಇವರು ಅದಕ್ಕ ಅದ್ಯಾವುದೋ ಪಂಪ್ ಹೊಡ್ಯಾಕತ್ತಾರ. ಅದ ಕಿವಿಗೇರೈತಿ" ಎಂದಳು.

ಮಾಲತೇಶನ ಮುಖ ಬಿಳುಪೇರಿತು. ಹೋರಿಗೆ ಔಷಧ ಹೊಡೆದು ಓಡಿಸುವುದೆಂದರೆ ಹಬ್ಬದ ಕಮಿಟಿಯವರು ಸುಮ್ಮನಿರುವುದಿಲ್ಲ. "ಯವ್ವಾ ತಾಯಿ, ಇದನ್ನ ಯಾರ ಮುಂದನೂ ಅನ್ನಬ್ಯಾಡ! ಬ್ಯಾನರ್‌ನ್ಯಾಗ ನನ್ನ ಫೋಟೋನೂ ಐತಿ!" ಎನ್ನುತ್ತಲೇ ದನದ ಡಾಕ್ಟರಿಗೆ ಫೋನು ಮಾಡಿದ. ಯಾರ ಮುಂದೆಯೂ ಅನ್ನಬಾರದ್ದನ್ನು ಅವನು ಫೋನಿನಲ್ಲಿ ಎಷ್ಟು ಗಟ್ಟಿಯಾಗಿ ಅಂದನೆಂದರೆ, ಡಾಕ್ಟರು ಬರುವಷ್ಟರಲ್ಲಿ ಓಣಿಯ ಅರ್ಧ ಜನ ಹಿತ್ತಿಲಿನಲ್ಲಿ ನೆರೆದಿದ್ದರು.

ದನದ ಡಾಕ್ಟರು ಮುಬಶೀರ ಸಾಹೇಬರು ಅವಸರದ ಮನುಷ್ಯರಲ್ಲ. ಹೋರಿಯ ಹಿಂದೆ ನಿಂತು ಚಪ್ಪಾಳೆ ತಟ್ಟಿದರು. ಕಿವಿ ಟಪ್ಪನೆ ತಿರುಗಿತು. ಶಿಳ್ಳೆ ಹಾಕಿದರು, ತಿರುಗಿತು.

"ಕಿವಿ ಛಲೋ ಅದಾವಲ್ರಿ."

"ಸದ್ದ ಕೇಳತೈತ್ರಿ ಸಾಹೇಬ್ರ, ಮಾತ ಕೇಳೂದಿಲ್ಲ," ಎಂದ ಉಳಿವೆಪ್ಪ.

"ಹಂಗಾದ್ರ ನಮ್ಮ ಮನ್ಯಾಗೂ ಎಲ್ಲಾರ ಕಿವಿ ಹೋಗ್ಯಾವ. ಪಂಪ್ ಎಲ್ಲೈತಿ ತೋರಿಸ್ರಿ."

ಶೇಖವ್ವ ತಂದುಕೊಟ್ಟಳು. ಸಾಹೇಬರು ಕನ್ನಡಕ ಏರಿಸಿ ಚೀಟಿ ಓದಿದರು, ಮತ್ತೊಮ್ಮೆ ಓದಿದರು, ಚಟಚಟ ಅಲುಗಾಡಿಸಿದರು. ಹೋರಿ ತಲೆಯೆತ್ತಿತು. ಹಗ್ಗ ಎಳೆದುಕೊಂಡು ಬಂದು ಸಾಹೇಬರ ತೋಳು ನೆಕ್ಕತೊಡಗಿತು. ಪಂಪು ಅಲುಗಿದರೆ ಹುರುಳಿ ಬರುತ್ತದೆ ಎಂಬ ಅದರ ಲೆಕ್ಕ ಅಲ್ಲಿ ಯಾರಿಗೆ ಗೊತ್ತು?

"ನೋಡ್ರಿ! ಚಟ ಹತ್ತೈತಿ!" ಎಂದು ಮಾಲತೇಶ ತಲೆಯ ಮೇಲೆ ಕೈ ಹೊತ್ತು ಕೂತ.

"ಉಡಚಪ್ಪನವರ, ಇದನ್ನ ಹೋರಿಗೆ ಹೆಂಗ ಕೊಡ್ತೀರಿ?"

"ಮೂಗಿಗ್ರಿ," ಎಂದು ಉಡಚಪ್ಪ ಉಸುರಿದ.

"ಕೊಟ್ಟ ತೋರಿಸ್ರಿ."

ಇಡೀ ಓಣಿ ನೋಡುತ್ತಿದೆ. ಉಡಚಪ್ಪ ಪಂಪನ್ನು ಹೋರಿಯ ಮೂಗಿಗೆ ಹಿಡಿದ. ಹೋರಿ ಅದನ್ನು ತಿನ್ನುವ ಪದಾರ್ಥವೆಂದು ತಿಳಿದು ನಾಲಿಗೆ ಚಾಚಿ ಬಾಯಿಗೆ ಎಳೆದುಕೊಂಡಿತು. ಉಡಚಪ್ಪ ಅರ್ಧ ತೋಳು ಅದರ ಬಾಯೊಳಗೆ ಹಾಕಿದ. ಅದು ತಲೆ ಕೊಡವಿತು. ಒಣಮೇವಿನ ರಾಶಿ ಮೈಮೇಲೆ ಬಿತ್ತು. ಜೊಲ್ಲು ಸುರಿಯುವ ಪಂಪನ್ನು ಕಿತ್ತು ತೆಗೆಯುವಷ್ಟರಲ್ಲಿ ಧೂಳು ತುಂಬಿ, ಎದೆ ಶಿಳ್ಳೆ ಹಾಕತೊಡಗಿತು. ಕಣ್ಣು ಮೇಲಾದವು. ಇಷ್ಟು ದಿನದ ರೂಢಿಯ ಕೈ, ಒಡೆಯನನ್ನು ಕೇಳದೆ, ಪಂಪನ್ನು ಅಂಗಿಗೆ ಒರೆಸಿ ಅವನದೇ ಬಾಯಿಗಿಟ್ಟು ಟುಸ್ಸ್ ಎನ್ನಿಸಿತು. ಉಡಚಪ್ಪ ತುಟಿ ಬಿಗಿದು, ಕಣ್ಣು ಮುಚ್ಚಿ ನಿಂತ.

ನೆರೆದ ಓಣಿಯೆಲ್ಲ ಕತ್ತು ಚಾಚಿತು.

"ಹೋರಿಗೆ ಬಾಳ ಆರಾಮಾದಂಗ ಕಾಣತೈತಿ," ಎಂದರು ಮುಬಶೀರ ಸಾಹೇಬರು.

ಯಾರೋ ಹಿಂದಿನಿಂದ ಕಿಸಕ್ಕೆಂದರು. ಸಾಹೇಬರು ನಗಲಿಲ್ಲ. ದನದ ದವಡೆ ಹಿಡಿಯುವಂತೆಯೇ ಉಡಚಪ್ಪನ ದವಡೆ ಹಿಡಿದು, ಬೆಳಕಿಗೆ ತಿರುಗಿಸಿ, ಬಾಯೊಳಗೆ ನೋಡಿದರು. "ಎಲ್ಲಾ ಬೆಳ್ಳಗಾಗೈತಲ್ರಿ. ಯಾವಾಗಿಂದ?"

"ಸಾಹೇಬ್ರ," ಎಂದು ಉಡಚಪ್ಪ ಅವರ ಕೈ ಹಿಡಿದುಕೊಂಡ, "ಇನ್ನ ಎಷ್ಟ ದಿನ ಉಳೀತೇನ್ರಿ ನಾ?"

"ನಾ ದನದ ಡಾಕ್ಟರ್ ಅದೇನಿ. ಇದನ್ನ ಕೊಟ್ಟವರ ಹತ್ರ ಈ ಕ್ಷಣ ಹೋಗ್ರಿ."

ಗಂಡ ಇಷ್ಟು ದಿನ ಉಸಿರಿಗಾಗಿ ಒದ್ದಾಡಿದ್ದು, ಕೊಟ್ಟಿಗೆಯಲ್ಲಿ ಅಡಗಿ ಔಷಧ ತೆಗೆದುಕೊಂಡದ್ದು ಈಗ ಶೇಖವ್ವನಿಗೆ ಒಟ್ಟಿಗೆ ಅರ್ಥವಾಯಿತು. "ಹೋರಿ ಮುಂದ ಎಲ್ಲಾ ಮಾಡೀರಿ, ನನ್ನ ಮುಂದ ಹೇಳಲಿಲ್ಲ. ನಾ ಏನ ಬ್ಯಾರೆ ಊರಾಕೀನ್ರಿ?" ಎಂದಳು. ಬೈಗುಳಕ್ಕೆ ಸಿದ್ಧನಾಗಿ ನಿಂತಿದ್ದ ಉಡಚಪ್ಪ ಮೈಮೇಲಿನ ಮೇವನ್ನು ಒಂದೊಂದೇ ಕಡ್ಡಿಯಾಗಿ ತೆಗೆಯತೊಡಗಿದ.

ಶಿಗ್ಗಾಂವಿ ಬಸ್ಸಿಗೆ ಗಂಡ, ಹೆಂಡತಿ, ಉಳಿವೆಪ್ಪ, ಮಾಲತೇಶ ನಾಲ್ವರೂ ಹತ್ತಿದರು. ದಾರಿಯುದ್ದಕ್ಕೂ ಉಡಚಪ್ಪ ಹೆಂಡತಿಯ ಕಿವಿಯಲ್ಲಿ ಕೊನೆಯ ಮಾತುಗಳನ್ನು ಪಿಸುಗುಟ್ಟಿದ. ಹೊಲ ನೀ ನೋಡಿಕೋ, ಗಂಡನ ಮನೆಯಲ್ಲಿರುವ ಮಗಳಿಗೆ ಈಗಲೇ ಹೇಳಬೇಡ, ಕೆಂಚನನ್ನು ಮಾತ್ರ ಹಿರೇಕೆರೂರಿಗೆ ಕೊಡಬೇಡ. "ಬಾಯಿ ಮುಚ್ಚರಿ," ಎನ್ನುತ್ತ ಶೇಖವ್ವ ಅವನ ಅಂಗೈಯನ್ನು ಗಟ್ಟಿಯಾಗಿ ಹಿಡಿದಿದ್ದಳು. ಅವಳ ಕೈಯೂ ಬೆವೆತಿತ್ತು.

ನೇತ್ರಾ ಮೇಡಂ ಬ್ಯಾಟರಿ ಹಾಕಿ ನೋಡಿದರು.

"ಇದು ಬೂಷ್ಟ ರೀ. ತಂಗಳ ರೊಟ್ಟಿ ಮ್ಯಾಲ ಬರತೈತಲ್ಲ, ಆ ಜಾತೀದು."

"ಕ್ಯಾನ್ಸರ್..."

"ಅಲ್ಲ. ಪಂಪಿನ ಔಷಧ ಬಾಯಾಗ, ಗಂಟ್ಲದಾಗ ಕುಂತ್ರ ಹಿಂಗ ಆಗತೈತಿ. ದನಿ ಕುಂತದ್ದೂ ಅದರಿಂದನ. ವಾಸಿ ಆಗತೈತಿ. ಆದ್ರ ಬಾಯಿ ಮುಕ್ಕಳಿಸ್ರಿ ಅಂತ ಹೇಳಿದ್ನೆಲ್ಲ?"

ಸಾಯುವುದಿಲ್ಲ ಎಂದು ಗೊತ್ತಾದ ಕೂಡಲೇ ಉಡಚಪ್ಪನಿಗೆ ಸ್ವಾಭಿಮಾನ ಮರಳಿತು. "ಒಂದ ದಿನಾನೂ ತಪ್ಪಿಸಿಲ್ರಿ ಮೇಡಂ. ಬೇಕಾದ್ರ ಹೋರಿ ಸಾಕ್ಷಿ ಐತಿ."

"ಮಾಡಿ ತೋರಿಸ್ರಿ."

ಉಡಚಪ್ಪ ಮೂಲೆಯ ನಲ್ಲಿಗೆ ಹೋದ. ಗಳಗಳ ಎಂದು ಕಟ್ಟಡವೆಲ್ಲ ಕೇಳುವಂತೆ ಮುಕ್ಕಳಿಸಿ ಉಗುಳಿದ. ಪಂಪು ಅಲುಗಾಡಿಸಿದ. ಪೂರ್ವ ಯಾವುದೆಂದು ಮಾಲತೇಶನನ್ನು ಕೇಳಿ ಅತ್ತ ತಿರುಗಿದ. ಎಳೆದುಕೊಂಡ. ತುಟಿ ಬಿಗಿದ. ಮುಗಿಯಿತೆಂದು ಕೈ ಮುಗಿದ.

ಮೇಡಂ ಅವನ ಕೈಯಿಂದ ಪಂಪು ತೆಗೆದುಕೊಂಡರು. "ಮೊದ್ಲ ಯಾಕ ಮುಕ್ಕಳಿಸ್ತೀರಿ?"

"ಔಷಧ ಒಳಗ ಹೋಗೂ ಮೊದ್ಲ ಬಾಯಿ ಚೊಕ್ಕ ಇರಬೇಕಲ್ರಿ. ತೀರ್ಥ ತಗೊಂಡ ಮ್ಯಾಲ ಯಾರರೆ ಬಾಯಿ ತೊಳಕೊಂಡ ಉಗಳ್ತಾರೇನ್ರಿ? ನಾ ಆಮ್ಯಾಲ ತಾಸೊತ್ತ ನೀರೂ ಕುಡ್ಯಾಂಗಿಲ್ಲ."

"ಬರೋಬ್ಬರಿ ಐತಿ," ಎಂದು ಉಳಿವೆಪ್ಪ ತಲೆದೂಗಿದ.

"ಬರೋಬ್ಬರಿ ಇಲ್ಲ!" ಮೇಡಂ ಮೇಜು ಬಡಿದರು. "ಇದು ತೀರ್ಥ ಅಲ್ರಿ ಯಜಮಾನ್ರ. ಎದಿಗೆ ಹೋಗಬೇಕಾದ್ದ ಎದಿಗೆ ಹೋಗಿರತೈತಿ. ಬಾಯಾಗ ಉಳದದ್ದನ್ನ ಆಮ್ಯಾಲ ಮುಕ್ಕಳಿಸಿ, ಗಂಟ್ಲ ಗಳಗಳ ಮಾಡಿ ಉಗಳಬೇಕು. ಹಂಗ ಉಳೀಬಾರ್ದಂತನ ಬುರುಡಿ ಕೊಟ್ಟಿದ್ನೆಲ್ಲ, ಅದೆಲ್ಲೈತಿ?"

"ಬಸ್ಸಿನ್ಯಾಗ ಐತ್ರಿ."

"ಯಾವ ಬಸ್ಸಿನ್ಯಾಗ?"

ಹೊಸ ಬುರುಡೆ ಬಂತು, ಬೂಷ್ಟಿಗೆ ಹನಿ ಔಷಧ ಬಂತು. ಪಂಪನ್ನು ಮಾತ್ರ ಯಾವ ಕಾರಣಕ್ಕೂ ಬಿಡಬಾರದು, ಬಿಟ್ಟರೆ ದಮ್ಮು ಮೊದಲಿಗಿಂತ ಜೋರಾದೀತು ಎಂದು ಮೇಡಂ ಎರಡೆರಡು ಸಲ ಹೇಳಿದರು. ಈ ಸಲ ಶೇಖವ್ವ ಕೇಳಿಸಿಕೊಂಡಳು. ಧೂಳಿನ ಮೇವಿನ ಹತ್ತಿರ ಹೋಗಬಾರದು. ಗಂಟಲಿಗೆ ವಿಶ್ರಾಂತಿ: ಒದರಬಾರದು, ಪಿಸುಗುಟ್ಟಲೂ ಬಾರದು.

"ದೀಪಾವಳಿಗೆ ದನಿ ಬರತೈತೇನ್ರಿ?" ಎಂದು ಮಾಲತೇಶ ಕೇಳಿದ.

"ಒಬ್ಬೊಬ್ಬರಿಗೆ ಲಗೂ ಬರತೈತಿ, ಒಬ್ಬೊಬ್ಬರಿಗೆ ತಡಾ. ಒದರಿದ್ರ ಇನ್ನೂ ತಡಾ."

ಆಸ್ಪತ್ರೆಯ ಮೆಟ್ಟಿಲ ಮೇಲೆ ಕೂತು ಉಡಚಪ್ಪ ಸಮಾಧಾನದಿಂದ ಅತ್ತ. ಗೇಟು ದಾಟುವಷ್ಟರಲ್ಲಿ ಆ ಸಮಾಧಾನ ಖರ್ಚಾಗಿ, ಹಳೆಯ ಆತಂಕ ಹೊಸದಾಗಿ ಹಿಡಿಯಿತು. ತಾನು ಉಳಿದೆ, ಸರಿ. ಕೆಂಚನನ್ನು ಕರೆಯುವವರು ಯಾರು?

ಬಳಗದ ಸಭೆ ನಡೆಯಿತು. ಧೂಮಕೇತು ಓಡಲೇಬೇಕು, ಹೆಸರು ಕೊಟ್ಟಾಗಿದೆ. ಆದರೆ ಅಖಾಡದ ಕೊನೆಯಲ್ಲಿ ಕರೆಗೆ ನಿಲ್ಲದಿದ್ದರೆ ಮರುದಿನವೇ ಹಿರೇಕೆರೂರಿಗೆ ಎಂದು ಉಳಿವೆಪ್ಪ ಎಲ್ಲರನ್ನೂ ಒಪ್ಪಿಸಿದ. ಮಾತಾಡಬಾರದ ಉಡಚಪ್ಪ ಎರಡೂ ಕೈ ಬೀಸಿ ಬೇಡ ಬೇಡ ಎಂದ. "ನೋಡ್ರಿ, ಎರಡೂ ಕೈಯಿಂದ ಹರಸಾಕತ್ತಾರ," ಎಂದ ಉಳಿವೆಪ್ಪ. ಬಳಗದವರು ಸರದಿಯಲ್ಲಿ ನಿಂತು ಉಡಚಪ್ಪನ ದನಿ ಅನುಕರಿಸಿ ಕರೆದು ನೋಡಿದರು. ಹೋರಿ ಒಬ್ಬೊಬ್ಬರನ್ನೂ ಮರ್ಯಾದೆಯಿಂದ ನೋಡಿ ಮೇವಿಗೆ ಬಾಯಿ ಹಾಕಿತು.

ಮೇವಿನ ಹತ್ತಿರ ಗಂಡ ಹೋಗುವಂತಿಲ್ಲವಾದ್ದರಿಂದ ಕೊಟ್ಟಿಗೆ ಶೇಖವ್ವನ ಪಾಲಿಗೆ ಬಂತು. ಹುರುಳಿ ನೆನೆಸುವುದು, ಮೈ ತೊಳೆಯುವುದು, ಮೊಟ್ಟೆ ಒಡೆದು ಹಾಕುವುದು. ಒಂದೊಂದು ಮೊಟ್ಟೆಗೂ ಒಂದೊಂದು ಬೈಗುಳ. "ತಿನ್ನ, ತಿನ್ನ ಭಾಡ್ಯಾ. ನಿನ್ನ ಕರದ ಕರದ ಮನೀ ಯಜಮಾನ ಮೂಕಾಗಿ ಕುಂತಾರ. ಈ ಕಡೆ ಸರಿ. ಸರಿ ಅಂದ್ನೆಲ್ಲ!" ಬೈಗುಳ ಮುಗಿದ ಮೇಲೆ ಗಂಡನ ದೂರು, ಅಣ್ಣನ ದೂರು, ಆಮೇಲೆ ಮೂವತ್ತು ವರ್ಷದ ಹಿಂದಿನ ಅತ್ತೆಯ ದೂರು. ಎದುರು ಮಾತಾಡದೆ ಕೇಳಿಸಿಕೊಳ್ಳುವ ಪ್ರಾಣಿ ಆ ಮನೆಯಲ್ಲಿ ಅವಳಿಗೆ ಮೊದಲ ಸಲ ಸಿಕ್ಕಿತ್ತು. ಉಡಚಪ್ಪ ದೂರದ ಕಟ್ಟೆಯ ಮೇಲೆ ಕೂತು, ಬುರುಡೆಯಲ್ಲಿ ಔಷಧ ಎಳೆದು, ಆಮೇಲೆ ಗಳಗಳ ಮುಕ್ಕಳಿಸಿ ಉಗುಳುತ್ತ, ಹೋರಿ ತನ್ನಿಂದ ದೂರವಾಗುತ್ತಿರುವುದನ್ನು ನೋಡುತ್ತಿದ್ದ.

ಹಬ್ಬ ಬಂತು. ದನಿ ಬರಲಿಲ್ಲ. ಹಾನಗಲ್ಲ ಹತ್ತಿರದ ಅಖಾಡ. ಮೈಕಿನವನು "ಬರ್ತಾ ಇದೆ ದುಂಡಸಿ ಧೂಮಕೇತು" ಎಂದು ಗುಡುಗಿದ. ಗಂಡ ಎಲ್ಲಿ ಹಟ ಮಾಡಿ ಒದರಿಬಿಡುತ್ತಾನೋ ಎಂದು ಕಾಯಲು ಶೇಖವ್ವನೂ ಬಂದಿದ್ದಳು. ಅಖಾಡದ ಕೊನೆಯ ಟ್ರ್ಯಾಕ್ಟರಿನ ಟ್ರೇಲರಿನಲ್ಲಿ ಬುತ್ತಿ ಹಿಡಿದು ಕೂತಿದ್ದಳು. ಉಡಚಪ್ಪ ಮೂಗಿಗೆ ಟವೆಲ್ಲು ಕಟ್ಟಿಕೊಂಡು ಕೊನೆಯಲ್ಲಿ ನಿಂತ.

ಹೋರಿ ಬಂತು ಎನ್ನುವುದಕ್ಕಿಂತ ಹೋಯಿತು ಎನ್ನಬೇಕು. ಒಂದು ತುಂಡು ಕೊಬ್ಬರಿ ಯಾರ ಕೈಗೂ ಸಿಗಲಿಲ್ಲ. ಜನ ಹುಚ್ಚೆದ್ದು ಕೂಗಿದರು. ಆ ಕೂಗಿಗೆ ಬೆದರಿ ಹೋರಿ ಇನ್ನೂ ಜೋರು ಮಾಡಿತು. ಉಡಚಪ್ಪ ಡಾಕ್ಟರ ಮಾತನ್ನೆಲ್ಲ ಮರೆತು ಬಾಯಿ ತೆರೆದ. "ಕೆಂ" ಎಂಬಷ್ಟರಲ್ಲಿ ಗಾಳಿ ಮುಗಿಯಿತು. ಬಳಗದವರೆಲ್ಲ ಒಮ್ಮೆಗೇ "ಕೆಂಚಾ" ಎಂದು ಅರಚಿದರು. ಹೋರಿಗೆ ಅದು ಇನ್ನೊಂದು ಗದ್ದಲ ಅಷ್ಟೇ. ಬೇಲಿ ಹಾರಿ ರಸ್ತೆಯ ಕಡೆಗೆ ತಿರುಗಿತು. ದೂರದಲ್ಲಿ ಲಾರಿಯ ಹಾರ್ನು ಕೇಳಿಸಿತು.

ಉಡಚಪ್ಪ ಓಡಿದ. ಉಸಿರಿಲ್ಲ, ಆದರೂ ಓಡಿದ. ಎದೆ ಸುಂಯ್‌ಗುಡುತ್ತಿತ್ತು, ಕಣ್ಣಲ್ಲಿ ನೀರು ಸುರಿಯುತ್ತಿತ್ತು. ಹಿರೇಕೆರೂರಿಗೆ ಹೋದರೂ ಹೋಗಲಿ ಮಾರಾಯಾ, ಲಾರಿಗೆ ಮಾತ್ರ ಸಿಗಬೇಡ ಎಂದು ಮನಸ್ಸಿನಲ್ಲೇ ಬೇಡಿಕೊಳ್ಳುತ್ತ ಓಡಿದ.

ಶೇಖವ್ವ ಟ್ರೇಲರಿನ ಮೇಲೆ ಎದ್ದು ನಿಂತಳು. ಬುತ್ತಿ ಕೆಳಗೆ ಬಿತ್ತು.

"ಏ ಭಾಡ್ಯಾ! ಎತ್ತಾಗ ಹೊಂಟಿ? ಮನಿಗೆ ಬರೂದೈತೋ ಇಲ್ಲೋ? ಹಿಂದಕ್ಕ ತಿರಗ! ತಿರಗ ಅಂದ್ನೆಲ್ಲ!"

ರಸ್ತೆಯ ಅಂಚಿನಲ್ಲಿ ಹೋರಿ ಗಕ್ಕನೆ ನಿಂತಿತು. ಕಿವಿ ನೆಟ್ಟಗಾದವು. ತಿರುಗಿತು. ಅದರ ಹಿಂದೆ ಓಡುತ್ತಿದ್ದ ಉಡಚಪ್ಪನೂ ಗಕ್ಕನೆ ನಿಂತು ತಿರುಗಿದ. ಹೇಳಿದ್ದು ತನಗೋ ಹೋರಿಗೋ ಎಂದು ವಿಚಾರ ಮಾಡುವಷ್ಟು ಪುರುಸೊತ್ತು ಅವನಿಗಿರಲಿಲ್ಲ. ಇಬ್ಬರೂ ತಲೆ ತಗ್ಗಿಸಿಕೊಂಡು ಅಕ್ಕಪಕ್ಕದಲ್ಲಿ ನಡೆದು ಬಂದರು. ಲಾರಿ ಅದರ ಪಾಡಿಗೆ ಅದು ಹೋಯಿತು. ಮೈಕಿನವನು "ಯಾರ್ರಿ ಆ ತಾಯಿ?" ಎಂದ. ಉಳಿವೆಪ್ಪ ಎದೆಯುಬ್ಬಿಸಿ "ನಮ್ಮ ತಂಗಿರಿ" ಎಂದು ಕೈ ಎತ್ತಿದ. ಹಿರೇಕೆರೂರಿನ ಮಾತು ಅವತ್ತಿಗೆ ಮುಗಿಯಿತು. ಉಡಚಪ್ಪ ಹೋರಿಯ ಕೊರಳಿಗೆ ಮುಖವಿಟ್ಟು ಬಹಳ ಹೊತ್ತು ಹಾಗೇ ನಿಂತಿದ್ದ.

ಎಳ್ಳಮಾವಾಸ್ಯೆಯ ಹೊತ್ತಿಗೆ ಬಾಯಿಯ ಬಿಳುಪೆಲ್ಲ ಹೋಗಿ ದನಿ ಪೂರಾ ಮರಳಿತು. ಮೇಡಂ ಪರೀಕ್ಷಿಸಿ, ಇನ್ನು ಕರೆಯಬಹುದು ಎಂದರು. ಮರುದಿನ ಬೆಳಿಗ್ಗೆ ಉಡಚಪ್ಪ ಹೊಸ ಅಂಗಿ ಹಾಕಿಕೊಂಡು ಹಿತ್ತಿಲ ಬಾಗಿಲಿಗೆ ಬಂದ. ಶೇಖವ್ವ ಸಗಣಿ ಬಳಿಯುತ್ತಿದ್ದಳು. ಹೋರಿ ಹಗ್ಗವಿಲ್ಲದೆಯೇ ಅವಳ ಪಕ್ಕದಲ್ಲಿ ನಿಂತಿತ್ತು.

ಅವನು ಎದೆ ತುಂಬ ಉಸಿರೆಳೆದು ಕರೆದ. "ಕೆಂಚಾ, ಬಾರೋ ಹೋಯ್!"

ಹಳೆಯ ದನಿ, ಅದೇ ದನಿ. ಹೋರಿಯ ಕಿವಿ ನಿಗುರಿದವು. ಬಾಲ ಎದ್ದಿತು. ಗುರುತು ಸಿಕ್ಕಿತ್ತು, ಅದರಲ್ಲಿ ಅನುಮಾನವಿಲ್ಲ. ಸಂತೋಷದಿಂದ ಒಂದು ಹೆಜ್ಜೆ ಮುಂದಿಟ್ಟಿತು. ಆಮೇಲೆ ನಿಂತು, ಕತ್ತು ತಿರುಗಿಸಿ, ಶೇಖವ್ವನ ಮುಖ ನೋಡುತ್ತ ಕಾದಿತು.

ಶೇಖವ್ವ ಸಗಣಿಯಿಂದ ಕೈ ತೆಗೆಯದೆ ಹೇಳಿದಳು:

"ಹೋಗ, ಪಾಪ. ಕರ್ಯಾಕತ್ತಾರ."